ಹೂಳು ರೈತರದು, ಹಿಟಾಚಿ ಬಾಡಿಗೆ ಕಂಪನಿಯದು: ನಮ್ಮ ಹಳ್ಳಿ ಸಂಘಕ್ಕೆ ಸಿಎಸ್‌ಆರ್ ಹಣ ಬಂದ ಬಗೆ

ಬೆಂಗಳೂರಿನಲ್ಲಿ ಪರಿಚಯ ಇಲ್ಲದಿದ್ದರೆ ಹಳ್ಳಿ ಸಂಘಕ್ಕೆ ಕಂಪನಿ ದುಡ್ಡು ಬರಲ್ಲ ಅನ್ನುವ ಮಾತನ್ನು ಹಾಸನ ಜಿಲ್ಲೆಯಲ್ಲಿ ಸಂಘ ನಡೆಸುವ ಎಲ್ಲರೂ ಕೇಳಿರುತ್ತೀರಿ. ಇಪ್ಪತ್ತು ವರ್ಷದಿಂದ ಇದೇ ಕೆಲಸದಲ್ಲಿರುವ ಹಿರಿಯರೊಬ್ಬರು ನನಗೆ ಮುಖದ ಮೇಲೇ ಹೇಳಿದ್ದರು, "ಸುಮ್ನೆ ಜೆರಾಕ್ಸ್‌ಗೆ ದುಡ್ಡು ಸುರೀಬೇಡಪ್ಪ" ಅಂತ. ಈಗ ಅರಸೀಕೆರೆ ತಾಲ್ಲೂಕಿನಲ್ಲಿ ನಮ್ಮ ಸಂಘ ಎರಡು ಕೆರೆ, ಒಂದು ಕಟ್ಟೆಯ ಹೂಳು ತೆಗೆಸಿದೆ. ಮೂರಕ್ಕೂ ಸಿಎಸ್‌ಆರ್ ಹಣ, ಅಂದರೆ ದೊಡ್ಡ ಲಾಭದ ಕಂಪನಿಗಳು ಕಾಯ್ದೆ ಪ್ರಕಾರ ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕಾದ ಹಣ. ಯಾರ ಶಿಫಾರಸೂ ಇಲ್ಲ, ಯಾರಿಗೂ ಕಮಿಷನ್ ಇಲ್ಲ. ಹೇಗಾಯಿತು ಅಂತ ಕೇಳುವವರು ಜಾಸ್ತಿ ಆಗಿದ್ದಾರೆ, ಅದಕ್ಕೇ ಒಂದೇ ಸಲ ಬರೆದುಬಿಡುತ್ತಿದ್ದೇನೆ.

12ಎ (ಸಂಘಕ್ಕೆ ತೆರಿಗೆ ವಿನಾಯಿತಿ), 80ಜಿ (ದಾನಿಗೆ ತೆರಿಗೆ ವಿನಾಯಿತಿ), ದರ್ಪಣ್ ಐಡಿ (ನೀತಿ ಆಯೋಗದ ಪೋರ್ಟಲ್‌ನಲ್ಲಿ ಸಂಘದ ನೋಂದಣಿ), ಸಿಎಸ್‌ಆರ್-1 ನಂಬರ್ (ಸಿಎಸ್‌ಆರ್ ಕೆಲಸ ಮಾಡಲು ಕೇಂದ್ರದಲ್ಲಿ ಸಂಘದ ನೋಂದಣಿ) ನಿಮ್ಮ ಹತ್ತಿರ ಇವೆ ಅಂದುಕೊಂಡೇ ಬರೆಯುತ್ತೇನೆ. ಇಲ್ಲದಿದ್ದರೆ ಮೊದಲು ಒಳ್ಳೆ ಆಡಿಟರ್ ಒಬ್ಬರನ್ನು ಹಿಡಿಯಿರಿ. 2021ರ ಏಪ್ರಿಲ್‌ನಿಂದ ಸಿಎಸ್‌ಆರ್-1 ಇಲ್ಲದ ಸಂಘದ ಮೂಲಕ ಕಂಪನಿ ಕೆಲಸ ಮಾಡಿಸುವ ಹಾಗೇ ಇಲ್ಲ. ಮೂರು ವರ್ಷ ಕೆಲಸ ಮಾಡಿದ ದಾಖಲೆಯೂ ಬೇಕು. ಇದಕ್ಕೆ ಅಡ್ಡದಾರಿ ಇಲ್ಲ.

ಮೊದಲು ನಾವೂ ಎಲ್ಲರ ಹಾಗೆ ದೊಡ್ಡ ಪ್ರಸ್ತಾವನೆ ಬರೆದೆವು. ಐದು ಕೆರೆ, ಎರಡು ವರ್ಷ, ಸುಮಾರು 40 ಲಕ್ಷ. ನಕ್ಷೆ, ಗ್ರಾಫು, ಫೋಟೋ ಎಲ್ಲ ಸೇರಿ ದಪ್ಪ ಪುಸ್ತಕವೇ ಆಯಿತು. ಬಹಳ ಕಡೆಯಿಂದ ಉತ್ತರವೇ ಬರಲಿಲ್ಲ. ಬಂದ ಕಡೆ "ಈ ವರ್ಷ ನಮ್ಮ ಆದ್ಯತೆ ಶಿಕ್ಷಣ" ಅಂತ ಎರಡು ಸಾಲು. ಮಧ್ಯವರ್ತಿಯೊಬ್ಬ ಹಣ ತರಿಸಿಕೊಡುತ್ತೇನೆ, ಹತ್ತು ಪರ್ಸೆಂಟ್ ಕೊಡಿ ಅಂದ, ಅದು ಸಾಲದು ಅಂತ ಬಂದ ಹಣದಲ್ಲಿ ಒಂದು ಪಾಲು ನಗದಾಗಿ ವಾಪಸ್ ಕೊಡಬೇಕು ಅಂತಲೂ ಹೇಳಿದ. ಅಲ್ಲಿಂದ ಎದ್ದು ಬಂದೆವು. ಇನ್ನೊಂದು ಕಂಪನಿಯವರು ಬಂದು ಕೆರೆ ನೋಡಿದರು, ಊರಲ್ಲೇ ಊಟ ಮಾಡಿದರು, ಒಪ್ಪಂದದ ಕರಡು ಕೂಡ ಕಳಿಸಿದರು. ಅಷ್ಟರಲ್ಲಿ ಏಪ್ರಿಲ್ ಬಂತು, ನಮ್ಮ ಜೊತೆ ಮಾತಾಡುತ್ತಿದ್ದ ಅಧಿಕಾರಿ ಬೇರೆ ವಿಭಾಗಕ್ಕೆ ಹೋದರು, ಅವರ ಜಾಗಕ್ಕೆ ಬಂದವರು ಫೋನೇ ಎತ್ತಲಿಲ್ಲ. ಓಡಾಟ, ಡಿಟಿಪಿ, ಅಳತೆ, ಆಡಿಟರ್ ಫೀಸು ಅಂತ ಸಂಘದ 70-80 ಸಾವಿರ ಹೋಯಿತು. ಅದರಲ್ಲಿ ಅರ್ಧ ಸದಸ್ಯರ ಜೇಬಿನದು.

ಆದರೆ ಆ ಏಪ್ರಿಲ್ ಒಂದು ವಿಷಯ ಕಲಿಸಿತು. ಕಂಪನಿಗಳ ಕಷ್ಟ ಏನು ಅಂತ ನಾವು ಯಾವತ್ತೂ ಯೋಚಿಸುವುದೇ ಇಲ್ಲ, ಅಲ್ವಾ? 2013ರ ಕಂಪನಿ ಕಾಯ್ದೆಯ 135ನೇ ಕಲಮಿನ ಪ್ರಕಾರ ಹಿಂದಿನ ಮೂರು ವರ್ಷದ ಸರಾಸರಿ ಲಾಭದ 2 ಪರ್ಸೆಂಟ್ ಖರ್ಚಾಗಬೇಕು. ಹಲವು ವರ್ಷದ ಯೋಜನೆಗೆ ಸೇರದ ಹಣ ಮಾರ್ಚ್ 31ಕ್ಕೆ ಉಳಿದರೆ ಆರು ತಿಂಗಳೊಳಗೆ ಪ್ರಧಾನಮಂತ್ರಿ ರಾಷ್ಟ್ರೀಯ ಪರಿಹಾರ ನಿಧಿಯಂಥ ನಿಧಿಗೆ ಕಟ್ಟಬೇಕು. ಸಂಘದ ಖಾತೆಗೆ ಹಾಕಿದ ಮಾತ್ರಕ್ಕೆ ಅದು ಖರ್ಚು ಅಂತ ಆಗಲ್ಲ, ಸಂಘ ಅದನ್ನು ಬಳಸಿ ಲೆಕ್ಕ ಕೊಟ್ಟಾಗಲೇ ಖರ್ಚು. ಹಾಗಾಗಿ ಜನವರಿಯಲ್ಲಿ ಎಷ್ಟೋ ಕಂಪನಿಗಳ ಹತ್ತಿರ ನಾಲ್ಕೈದು ಲಕ್ಷ ಉಳಿದಿರುತ್ತದೆ. ಎಲ್ಲೋ ಶಾಲೆ ಕಟ್ಟಡಕ್ಕೆ ಅನುಮತಿ ಸಿಕ್ಕಿರಲ್ಲ, ಇನ್ನೆಲ್ಲೋ ಕೆಲಸ ನಿಂತಿರುತ್ತದೆ. ಎರಡು ತಿಂಗಳಲ್ಲಿ ಶುರುವಾಗಿ ಮುಗಿಯುವ ಕೆಲಸ ಅವರಿಗೆ ಬೇಕು.

ಅರಸೀಕೆರೆ ಕಡೆ ಕೆರೆಗಳು ಒಣಗಿ ನಿಲ್ಲುವುದೂ ಫೆಬ್ರುವರಿ-ಮಾರ್ಚ್‌ನಲ್ಲೇ. ಹೂಳು ತೆಗೆಯುವ ಕೆಲಸ ಒಂದು ತಿಂಗಳಿನದು.

ಆಗ ನಾನು ಸಂಘದ ಸಭೆಯಲ್ಲಿ ಹೇಳಿದ್ದು ಇಷ್ಟೇ. ಇನ್ನು ಮೇಲೆ ಪ್ರಸ್ತಾವನೆ ಕಳಿಸುವುದು ಬೇಡ, ನವೆಂಬರ್ ಒಳಗೆ ಒಂದು ಕೆರೆಯ ಎಲ್ಲ ತಯಾರಿ ಮುಗಿಸಿ ಇಡೋಣ, ಹಣ ಬಂದ ಮಾರನೇ ದಿನ ಮಷೀನ್ ಇಳಿಯುವ ಹಾಗೆ. ಹಣವೇ ಇಲ್ಲದೆ ತಯಾರಿ ಯಾಕೆ, ಊರವರ ಮುಂದೆ ಮಾನ ಹೋಗುತ್ತೆ ಅಂದರು. ಖಜಾಂಚಿ ಅಂತೂ ಒಂದು ತಿಂಗಳು ಮಾತು ಬಿಟ್ಟರು.

ತಯಾರಿ ಅಂದರೆ ಏನೇನು ಅಂತ ಹೇಳುತ್ತೇನೆ. ಮೊದಲು ಕೆರೆ ಆರಿಸುವುದು. 40 ಹೆಕ್ಟೇರ್‌ಗಿಂತ ಕಡಿಮೆ ಅಚ್ಚುಕಟ್ಟಿನ, ಪಂಚಾಯತಿಗೆ ಸೇರಿದ ಕೆರೆಯನ್ನೇ ಹಿಡಿಯಿರಿ. ಅದಕ್ಕಿಂತ ದೊಡ್ಡದಾದರೆ ಸಣ್ಣ ನೀರಾವರಿ ಇಲಾಖೆಗೆ ಹೋಗಬೇಕು, ಆ ವರ್ಷ ಮುಗಿದ ಹಾಗೇ. ಪಂಚಾಯತಿ ನಡಾವಳಿಯಲ್ಲಿ ಮೂರು ಮಾತು ಇರಲೇಬೇಕು: ಹೂಳು ಹೊಲ-ತೋಟಕ್ಕೆ ಮಾತ್ರ, ಯಾರೂ ಮಾರುವಂತಿಲ್ಲ, ಏರಿಯ ಬುಡ ಮತ್ತು ತೂಬಿನ ಹತ್ತಿರ ಅಗೆಯುವಂತಿಲ್ಲ. ಈ ನಡಾವಳಿಯೇ ನಮ್ಮನ್ನು ಮುಂದೆ ಕಾಪಾಡಿತು. ಇಟ್ಟಿಗೆ ಗೂಡಿನವರೊಬ್ಬರು ರಾತ್ರಿ ಟಿಪ್ಪರ್ ತಂದು ನಿಲ್ಲಿಸಿದಾಗ ಪ್ರತಿ ತೋರಿಸಿ ವಾಪಸ್ ಕಳಿಸಿದೆವು. ಒತ್ತುವರಿ ಇದ್ದರೆ ತಾಲ್ಲೂಕು ಸರ್ವೆಯರ್ ಕೈಲಿ ಮೊದಲೇ ಅಳತೆ ಮಾಡಿಸಿ. ಮಷೀನ್ ಇಳಿದ ಮೇಲೆ ಜಗಳ ಶುರುವಾದರೆ ಗಂಟೆ ಬಾಡಿಗೆ ಓಡುತ್ತಲೇ ಇರುತ್ತದೆ.

ಇನ್ನು ರೈತರ ಪಟ್ಟಿ. ಇಡೀ ಯೋಜನೆಯ ಜೀವ ಇದು. ಅಗೆಯುವ ಖರ್ಚು ಮಾತ್ರ ಕಂಪನಿಯದು, ಗೋಡು, ಅಂದರೆ ಅಗೆದ ಹೂಳು ಮಣ್ಣು, ಹೊತ್ತೊಯ್ಯುವ ಟ್ರ್ಯಾಕ್ಟರ್ ಖರ್ಚು ಪೂರ್ತಿ ರೈತರದು. ಮಹಾರಾಷ್ಟ್ರದಲ್ಲಿ 2017ರಲ್ಲಿ ಸರ್ಕಾರದ ಯೋಜನೆಯೇ ಈ ಲೆಕ್ಕದಲ್ಲಿ ಶುರುವಾಗಿತ್ತು, ಹೊಸದೇನಲ್ಲ. ನಾವು ಸೇರಿಸಿದ್ದು ಮುಂಗಡ. ಹೆಸರು ಬರೆಸುವವರು 500 ರೂಪಾಯಿ ಕಟ್ಟಬೇಕು, ಹೇಳಿದಷ್ಟು ಲೋಡ್ ಎತ್ತಿದ ಮೇಲೆ ವಾಪಸ್. "ನಮ್ಮೂರ ಕೆರೆ ಮಣ್ಣಿಗೆ ನಾವೇ ದುಡ್ಡು ಕೊಡಬೇಕಾ" ಅಂತ ಗಲಾಟೆ ಆಯಿತು. ಆದರೂ ತೊಂಬತ್ತರ ಹತ್ತಿರ ಜನ ಕಟ್ಟಿದರು, ಹೆಚ್ಚಿನವರು ತೆಂಗಿನ ತೋಟದವರು. ಸರ್ವೆ ನಂಬರ್, ಎಷ್ಟು ಲೋಡ್, ಸಹಿ, ಎಲ್ಲ ಇರುವ ಈ ಪಟ್ಟಿಯನ್ನು ನೋಡಿದ ಮೇಲೆ ಕಂಪನಿಯವರ ಮಾತಿನ ಧಾಟಿಯೇ ಬದಲಾಗುತ್ತದೆ. ಅರವತ್ತು ಪುಟದ ವರದಿ ಮಾಡದ ಕೆಲಸವನ್ನು ಈ ನಾಲ್ಕು ಹಾಳೆ ಮಾಡುತ್ತವೆ.

ಮಷೀನಿಗೆ ಮೂರು ಕಡೆಯಿಂದ ಕೊಟೇಶನ್ ತೆಗೆದುಕೊಳ್ಳಿ, ಜಿಎಸ್‌ಟಿ ಸೇರಿಸಿಯೇ. ಬಿಲ್ ಇಲ್ಲದೆ ಗಂಟೆಗೆ 1,250 ಅನ್ನುವವರು ಬಿಲ್ ಕೇಳಿದರೆ 18 ಪರ್ಸೆಂಟ್ ಸೇರಿಸಿ 1,475 ಅನ್ನುತ್ತಾರೆ. ಆ ವ್ಯತ್ಯಾಸ ಬಜೆಟ್‌ನಲ್ಲಿ ಇಲ್ಲದಿದ್ದರೆ ಸಂಘವೇ ಭರಿಸಬೇಕು.

ಯಾರನ್ನು ಕೇಳುವುದು ಅನ್ನುವುದರಲ್ಲೇ ನಮ್ಮ ಅರ್ಧ ಗೆಲುವು ಇದೆ. ದೊಡ್ಡ ಹೆಸರುಗಳನ್ನು ಬಿಟ್ಟುಬಿಟ್ಟೆವು. ಕಾಯ್ದೆ ಪ್ರಕಾರ ವರ್ಷಕ್ಕೆ 50 ಲಕ್ಷದ ಒಳಗೆ ಸಿಎಸ್‌ಆರ್ ಖರ್ಚು ಮಾಡಬೇಕಾದ ಕಂಪನಿಗೆ ಪ್ರತ್ಯೇಕ ಸಿಎಸ್‌ಆರ್ ಸಮಿತಿ ಕಡ್ಡಾಯವಲ್ಲ, ನಿರ್ದೇಶಕರ ಮಂಡಳಿಯೇ ತೀರ್ಮಾನ ಮಾಡಬಹುದು. ಅಂದರೆ ಎರಡು-ಮೂರು ಜನ ಒಪ್ಪಿದರೆ ಮುಗಿಯಿತು. ಕೇಂದ್ರದ ಸಿಎಸ್‌ಆರ್ ಪೋರ್ಟಲ್‌ನಲ್ಲಿ ಯಾವ ಕಂಪನಿ ಎಷ್ಟು ಖರ್ಚು ಮಾಡಿದೆ ಅಂತ ಎಲ್ಲರೂ ನೋಡಬಹುದು. ಹಾಸನ, ತುಮಕೂರು ಕಡೆ ಕಾರ್ಖಾನೆ ಇರುವ, ವರ್ಷಕ್ಕೆ 10 ರಿಂದ 40 ಲಕ್ಷದ ಒಳಗೆ ಸಿಎಸ್‌ಆರ್ ಖರ್ಚು ಮಾಡುವ ಕಂಪನಿಗಳನ್ನು ಹೆಕ್ಕಿ ಪಟ್ಟಿ ಮಾಡಿದೆವು. ಆ ಪಟ್ಟಿಯನ್ನು ಇನ್ನೂ ಸೋಸಲು ನಾವು ನೋಡುವ ಇನ್ನೊಂದು ಅಂಕಿ ಇದೆ, ಅದನ್ನು ಇಲ್ಲಿ ಹೇಳಲ್ಲ. ಕಂಪನಿಗೆ ಬರೆಯುವ ಒಂದು ಪುಟದ ಪತ್ರದ ಮೊದಲ ಸಾಲೂ ನಮ್ಮದೇ ಗುಟ್ಟು. ಪತ್ರ ಕಳಿಸುವುದು ಮಾತ್ರ ಜನವರಿ ಮೊದಲ ವಾರ. ಅದಕ್ಕಿಂತ ಮುಂಚೆ ಕಳಿಸಿದರೆ ಓದುವವರಿಲ್ಲ.

2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆ ಆಯಿತಲ್ಲ, ಅದರ ಮುಂದಿನ ಬೇಸಿಗೆಯಲ್ಲಿ ಮೊದಲ ಕೆರೆ. ಕೆರೆಯಲ್ಲಿ ಹನಿ ನೀರಿರಲಿಲ್ಲ. ಒಂದು ಕಂಪನಿ 5 ಲಕ್ಷದ ಹತ್ತಿರ ಕೊಟ್ಟಿತು. ಹಿಟಾಚಿ ಸುಮಾರು 300 ಗಂಟೆ ಓಡಿತು, ಅದಕ್ಕೇ 4 ಲಕ್ಷ 40 ಸಾವಿರ. ಉಳಿದದ್ದು ಮೇಲ್ವಿಚಾರಕರ ಸಂಬಳ, ಅಳತೆ, ಬೋರ್ಡು, ಆಡಿಟ್. ಐದೂವರೆ ಸಾವಿರ ಲೋಡ್ ಗೋಡು ತೋಟಗಳಿಗೆ ಹೋಯಿತು. ಲೋಡಿಗೆ 250-300 ಅಂತ ಹಿಡಿದರೂ ರೈತರು ಹಾಕಿದ್ದು 15 ಲಕ್ಷ. ಕಂಪನಿಯ ಒಂದು ರೂಪಾಯಿಗೆ ಊರಿನದು ಮೂರು ರೂಪಾಯಿ! ಈ ಲೆಕ್ಕವನ್ನು ಕಂಪನಿಯ ನಿರ್ದೇಶಕರ ಮುಂದೆ ಇಟ್ಟಾಗ ಅವರು ಎರಡು ಸಲ ಕೇಳಿ ಖಚಿತ ಮಾಡಿಕೊಂಡರು. ಎರಡನೇ ವರ್ಷ ಅವರೇ ಫೋನ್ ಮಾಡಿದರು.

ಸಲೀಸಾಗಿ ಆಯಿತು ಅಂತೇನಲ್ಲ. ಎರಡನೇ ಕೆರೆಯಲ್ಲಿ ಮಧ್ಯದಲ್ಲಿ ಕೆಸರು ಸಿಕ್ಕಿ ಮಷೀನ್ ಹೂತು, ಅದನ್ನು ಎತ್ತಲು ಇನ್ನೊಂದು ಮಷೀನ್ ತರಿಸಬೇಕಾಯಿತು. ಆ ಬಾಡಿಗೆಯನ್ನು ಯಾವ ಬಾಬ್ತಿಗೂ ಹಾಕುವ ಹಾಗಿರಲಿಲ್ಲ, ಚಂದಾ ಎತ್ತಿ ಕೊಟ್ಟೆವು. ಟ್ರ್ಯಾಕ್ಟರ್ ಸರದಿಗೆ ದಿನಾ ಜಗಳ. ಕೊನೆಗೆ ಬೆಳಗ್ಗೆ ಆರಕ್ಕೆ ಚೀಟಿ ಎತ್ತುವ ಪದ್ಧತಿ ತಂದ ಮೇಲೆ ಶಾಂತಿಯಾಯಿತು.

ಲೆಕ್ಕದ ವಿಷಯದಲ್ಲಿ ನಾನು ಯಾರಿಗೂ ಬಿಟ್ಟುಕೊಡಲ್ಲ. ಬೆಳಗ್ಗೆ, ಸಂಜೆ ಮಷೀನಿನ ಗಂಟೆ ಮೀಟರ್ ಫೋಟೋ, ಜಾಗ ಮತ್ತು ಸಮಯ ಬರುವ ಹಾಗೆ. ಲಾಗ್ ಶೀಟ್‌ಗೆ ಚಾಲಕ, ಮೇಲ್ವಿಚಾರಕ, ಆ ದಿನ ಇದ್ದ ಒಬ್ಬ ರೈತ, ಮೂರೂ ಸಹಿ. ಒಬ್ಬರಿಗೆ ದಿನಕ್ಕೆ 10 ಸಾವಿರಕ್ಕಿಂತ ಜಾಸ್ತಿ ನಗದು ಕೊಟ್ಟರೆ ಆದಾಯ ತೆರಿಗೆಯವರು ಅದನ್ನು ಖರ್ಚು ಅಂತ ಒಪ್ಪಲ್ಲ, ಅದಕ್ಕೆ ನಾವು ನಗದನ್ನೇ ಮುಟ್ಟಲ್ಲ. ಮಾರ್ಚ್ 25ರ ಆಸುಪಾಸಿಗೆ ಬಳಕೆ ಪ್ರಮಾಣಪತ್ರ ಕಂಪನಿಯವರ ಕೈಯಲ್ಲಿ ಇರುತ್ತದೆ, ಅವರು ಕೇಳುವ ಮೊದಲೇ. ನಮ್ಮ ಆಡಿಟರ್ ಈಗ ಬೇರೆ ಸಂಘದವರಿಗೆ ನಮ್ಮ ಫೈಲನ್ನೇ ಮಾದರಿ ಅಂತ ತೋರಿಸುತ್ತಾರೆ. ಹೇಳಿಕೊಳ್ಳಲು ಖುಷಿಯಾಗುತ್ತದೆ.

ಮೇಲ್ವಿಚಾರಕರ ಸಂಬಳ ಅಂದೆನಲ್ಲ, ಅದರ ಬಗ್ಗೆ ಒಂದು ಮಾತು. ಆಡಳಿತ ವೆಚ್ಚ 5 ಪರ್ಸೆಂಟ್ ಮೀರಬಾರದು ಅಂತ ಬಹಳ ಕಂಪನಿಯವರು ನಮ್ಮ ಮೇಲೆ ಹೇರುತ್ತಾರೆ. ಆ ಮಿತಿ ಕಂಪನಿಯ ಸ್ವಂತ ಸಿಎಸ್‌ಆರ್ ಆಡಳಿತಕ್ಕೆ ಇರುವುದು. ಒಂದು ಯೋಜನೆಯನ್ನು ರೂಪಿಸಲು, ನಡೆಸಲು, ನೋಡಿಕೊಳ್ಳಲು ನೇರವಾಗಿ ಆಗುವ ಖರ್ಚು ಅದರೊಳಗೆ ಬರಲ್ಲ ಅಂತ ನಿಯಮದಲ್ಲೇ ಇದೆ. ಇದನ್ನು ವಿನಯವಾಗಿ, ನಿಯಮದ ಪ್ರತಿ ಇಟ್ಟು ಹೇಳಿ. ಬಿಸಿಲಲ್ಲಿ ತಿಂಗಳಿಡೀ ನಿಂತ ಹುಡುಗನಿಗೆ ಸಂಬಳ ಕೊಡದೆ ಸೇವೆ ಅಂತ ದುಡಿಸಿಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ.

ಅಮೆರಿಕದಲ್ಲಿರುವ ಊರ ಹುಡುಗರ ಹಣದ ಬಗ್ಗೆಯೂ ಬಹಳ ಜನ ಕೇಳುತ್ತಾರೆ. ನಮಗೆ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ಪಡೆಯಲು ಬೇಕಾದ ನೋಂದಣಿ, ಇಲ್ಲ. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಪಾಸ್‌ಪೋರ್ಟ್ ಪ್ರತಿ ತೆಗೆದಿಟ್ಟುಕೊಂಡು ತೆಗೆದುಕೊಂಡಿದ್ದೇವೆ. ಆದರೆ ಅಲ್ಲಿನ ಪೌರತ್ವ ಪಡೆದ ಒಬ್ಬರು ಒಂದು ಲಕ್ಷ ಕಳಿಸುತ್ತೇನೆ ಅಂದಾಗ ಬೇಡ ಅಂದೆವು, ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಓಸಿಐ ಕಾರ್ಡ್ ಇದ್ದರೂ ಅದು ವಿದೇಶಿ ಹಣವೇ. ಎಫ್‌ಸಿಆರ್‌ಎ ಇರುವ ದೊಡ್ಡ ಸಂಸ್ಥೆಯಿಂದ ನಮಗೆ ದಾಟಿಸುವ ದಾರಿಯನ್ನೂ 2020ರ ತಿದ್ದುಪಡಿ ಮುಚ್ಚಿದೆ. ಬೆಂಗಳೂರಿನಲ್ಲಿರುವ ನಮ್ಮೂರವರಿಂದ ಯುಪಿಐನಲ್ಲಿ ಬಂದ ಸಣ್ಣ ಸಣ್ಣ ಹಣವೇ ಒಂದೂವರೆ ಲಕ್ಷ ದಾಟಿತು. ಅವರಿಗೆ 80ಜಿ ರಸೀದಿ ಸಿಗಬೇಕಾದರೆ ಮೇ 31ರೊಳಗೆ ದಾನಿಗಳ ವಿವರ ಇರುವ 10ಬಿಡಿ ನಮೂನೆಯನ್ನು ಆದಾಯ ತೆರಿಗೆಯವರಿಗೆ ಸಲ್ಲಿಸಬೇಕಿತ್ತು, ತಡವಾದರೆ ದಿನಕ್ಕೆ 200 ರೂಪಾಯಿ ಕಟ್ಟಬೇಕಿತ್ತು.

ಇದರ ಜೊತೆಗೆ ಒಂದೆರಡು ಪ್ರಯೋಗ ಮಾಡಿದೆವು. ಏರಿ ಮೇಲೆ ಲಾವಂಚ ನೆಟ್ಟೆವು, ಕುರಿ-ಮೇಕೆ ತುಳಿದು ಹೋಯಿತು, ಹೊಂಗೆ ಮಾತ್ರ ಉಳಿದಿದೆ. ತೂಬಿನ ಕಂಬಕ್ಕೆ ಅಡಿ ಗುರುತು ಬರೆಸಿ ಶಾಲೆ ಮಕ್ಕಳ ಕೈಲಿ ವಾರಕ್ಕೊಮ್ಮೆ ನೀರಿನ ಮಟ್ಟ ಬರೆಸುತ್ತಿದ್ದೇವೆ. ಖರ್ಚು ಪೇಂಟಿನದು ಅಷ್ಟೇ, ಆದರೆ ಕಂಪನಿಯವರಿಗೆ ವರದಿಯಲ್ಲಿ ಬಹಳ ಇಷ್ಟವಾದ ಪುಟ ಅದು. ಮೂಡಲಪಾಯ ಬಯಲಾಟ ಕಲಿಸುವ ಮೇಷ್ಟ್ರು ನಮ್ಮ ಪಕ್ಕದ ಹಳ್ಳಿಯಲ್ಲೇ ಇದ್ದಾರೆ, ಅವರಿಗಾಗಿ ಸೇವಾ ಸಿಂಧು ಮೂಲಕ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಧನಸಹಾಯಕ್ಕೆ ಅರ್ಜಿ ಹಾಕಿದ್ದೂ ಆಯಿತು. ಬಂದ ಹಣ ಗೆಜ್ಜೆ, ಕಿರೀಟದ ರಿಪೇರಿಗೆ ಸರಿಹೋಯಿತು. ಅದು ಬೇರೆಯದೇ ಲೋಕ, ಅದರ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ.

ಕಡೂರು, ತರೀಕೆರೆ ಬಯಲು ಕಡೆಯವರಿಗೆ ಈ ಲೆಕ್ಕ ಹಾಗೇ ಹೊಂದುತ್ತದೆ. ಸಕಲೇಶಪುರ, ಮೂಡಿಗೆರೆಯವರಿಗೆ ಹೊಂದಲ್ಲ, ಅಲ್ಲಿ ಕೆರೆ ಒಣಗುವುದೂ ತಡ, ಗೋಡು ಹೊರುವವರೂ ಕಡಿಮೆ. ಕೋಡಿ ಬಿದ್ದ ವರ್ಷ ನಮಗೂ ಕೆಲಸ ಆಗಲ್ಲ, ಆಗ ಸಣ್ಣ ಕಟ್ಟೆಗಳನ್ನು ಫೈಲಿನಲ್ಲಿ ಇಟ್ಟುಕೊಂಡಿರಬೇಕು.

ಈ ಸಲದ ಫೈಲಿನಲ್ಲಿ ಎರಡು ಕಟ್ಟೆ, ಒಂದು ಹಳೇ ಕಲ್ಯಾಣಿ ಇವೆ. ಕಟ್ಟೆಗಳ ನಡಾವಳಿ ಆಗಿದೆ, ಕಲ್ಯಾಣಿಯ ಅಳತೆ ಬಾಕಿ. ನಡಾವಳಿಯ ಮಾದರಿ, ರೈತರ ಪಟ್ಟಿಯ ನಮೂನೆ, ಲಾಗ್ ಶೀಟ್ ಬೇಕಾದವರು ಅರಸೀಕೆರೆಗೆ ಬನ್ನಿ, ಕೊಡುತ್ತೇನೆ. ಡಿಸೆಂಬರ್ ಒಳಗೆ ಬನ್ನಿ. ಜನವರಿಯಿಂದ ನಮಗೆ ಪುರುಸೊತ್ತು ಇರಲ್ಲ.