ಬಾಂಗ್ಲಾದವರು ನಮಗಿಂತ ಬಡವರಾ? ಎರಡು ದೇಶಗಳ ಬದುಕನ್ನು ಹೋಲಿಸುವ ಬಗೆ

ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಕ್ವಾಲಿಟಿ ವಿಭಾಗ ನೋಡಿಕೊಳ್ಳುತ್ತಿದ್ದ ನಾನು, ಅದೇ ಕೆಲಸದ ಮೇಲೆ ಢಾಕಾ ಪಕ್ಕದ ಗಾಜೀಪುರದಲ್ಲಿ ಕೆಲವು ವರ್ಷ ಇದ್ದೆ. ಊರಿಗೆ ಬಂದಾಗಲೆಲ್ಲ ನೆಂಟರು ಕೇಳುವುದು ಒಂದೇ ಮಾತು: "ಅವರು ನಮಗಿಂತ ಬಡವರಾ?" ಹೌದು ಅಥವಾ ಇಲ್ಲ ಎಂದು ಉತ್ತರಿಸುವುದಕ್ಕಿಂತ, ನೀವೇ ಹೋಲಿಸಿ ನೋಡುವ ಬಗೆಯನ್ನು ಹೇಳುವುದು ಮೇಲು ಅನ್ನಿಸಿತು.

ಮೊದಲು ಡಾಲರ್ ಲೆಕ್ಕದ ತಲಾ ಆದಾಯವನ್ನು ಪಕ್ಕಕ್ಕಿಡಿ. 2020ರ ಅಕ್ಟೋಬರ್‌ನಲ್ಲಿ ಐಎಂಎಫ್ ಒಂದು ಅಂದಾಜು ಕೊಟ್ಟಿತ್ತು: ಆ ವರ್ಷ ಬಾಂಗ್ಲಾದ ತಲಾ ಜಿಡಿಪಿ 1,888 ಡಾಲರ್, ಭಾರತದ್ದು 1,877. ಹನ್ನೊಂದು ಡಾಲರ್ ವ್ಯತ್ಯಾಸಕ್ಕೆ ಇಲ್ಲಿ ದೊಡ್ಡ ಗಲಾಟೆಯೇ ಎದ್ದಿತು. ಅದು ಕೊರೊನಾ ವರ್ಷದ ಲೆಕ್ಕ. ಮೇಲಾಗಿ ವಿನಿಮಯ ದರ ಸ್ವಲ್ಪ ಅಲುಗಾಡಿದರೂ ಅದು ತಿರುಗುಮುರುಗಾಗುತ್ತದೆ. 2017ರಲ್ಲಿ ಬ್ಯಾಂಕಿನಲ್ಲಿ ಒಂದು ಡಾಲರಿಗೆ 65.12 ರೂಪಾಯಿ ಇತ್ತು. ಆದರೆ ಅಮೆರಿಕದಲ್ಲಿ ಒಂದು ಡಾಲರಿಗೆ ಸಿಗುವಷ್ಟು ಸಾಮಾನನ್ನು ನಮ್ಮಲ್ಲಿ ಕೊಳ್ಳಲು 20.65 ರೂಪಾಯಿ ಸಾಕಿತ್ತು. ಹಾಗಾಗಿ ಆದಾಯ ಹೋಲಿಸಲೇಬೇಕೆಂದರೆ ಕೊಳ್ಳುವ ಶಕ್ತಿಯ ಲೆಕ್ಕ, ಅಂದರೆ ಪಿಪಿಪಿ, ಹಿಡಿಯಿರಿ.

ಆಮೇಲೆ ವಿಶ್ವಸಂಸ್ಥೆಯ ಮಾನವ ಅಭಿವೃದ್ಧಿ ಸೂಚ್ಯಂಕ ತೆಗೆಯಿರಿ. 2025ರ ವರದಿಯಲ್ಲಿ ಭಾರತ, ಬಾಂಗ್ಲಾ ಎರಡಕ್ಕೂ 0.685, ಇಬ್ಬರೂ 130ನೇ ಸ್ಥಾನ. ಸಮ ಸಮ ಎಂದು ಪುಸ್ತಕ ಮುಚ್ಚಿಬಿಡಬೇಡಿ. ಆರೋಗ್ಯ, ಶಿಕ್ಷಣ, ಆದಾಯ ಮೂರನ್ನೂ ಸೇರಿಸಿ ತೆಗೆದ ಸರಾಸರಿ ಅದು; ಒಂದೊಂದನ್ನೂ ಬಿಡಿಸಿ ನೋಡಿ. ಆದಾಯದಲ್ಲಿ ನಾವು ಸ್ವಲ್ಪ ಮುಂದು: ಪಿಪಿಪಿ ಲೆಕ್ಕದಲ್ಲಿ ನಮ್ಮದು ಸುಮಾರು 9,000 ಡಾಲರ್, ಅವರದು 8,500. ಸರಾಸರಿ ಆಯಸ್ಸು ನಮ್ಮದು 72, ಅವರದು 74.7. ಕಡಿಮೆ ಹಣದಲ್ಲಿ ಹೆಚ್ಚು ಕಾಲ ಬದುಕುತ್ತಿದ್ದಾರೆ ಎಂದಾದರೆ, ಅಲ್ಲಿ ಏನೋ ನಡೆದಿದೆ. ಅದನ್ನು ಹುಡುಕಿಕೊಂಡು ಹೋಗಬೇಕು.

ಹುಡುಕಿದರೆ ಬೆಲ್ಲ ಸಿಗುತ್ತದೆ. 1980ರಿಂದ 1990ರವರೆಗೆ ಬ್ರಾಕ್ ಎಂಬ ಬಾಂಗ್ಲಾದ ಸ್ವಯಂಸೇವಾ ಸಂಸ್ಥೆಯ ಹೆಣ್ಣುಮಕ್ಕಳು ಒಂದು ಕೋಟಿಗೂ ಹೆಚ್ಚು ಮನೆಗಳಿಗೆ ಹೋಗಿ, ಮಗುವಿಗೆ ಭೇದಿ ಆದಾಗ ಏನು ಕುಡಿಸಬೇಕೆಂದು ತಾಯಂದಿರಿಗೆ ಕಲಿಸಿದರು: ಮೂರು ಬೆರಳಲ್ಲಿ ಒಂದು ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು. ತಾಯಿಯ ಕೈಯಲ್ಲೇ ಕಲಸಿಸುತ್ತಿದ್ದರು. ಕೆಲ ಸಮಯದ ಮೇಲೆ ಬೇರೆಯವರು ಕೆಲವು ಮನೆಗಳಿಗೆ ಹೋಗಿ ಪರೀಕ್ಷಿಸುತ್ತಿದ್ದರು. ತಾಯಿ ಎಷ್ಟು ನೆನಪಿಟ್ಟುಕೊಂಡಿದ್ದಾಳೋ ಅದರ ಮೇಲೆ ಕಲಿಸಿದಾಕೆಗೆ ಸಂಬಳ. ನನ್ನ ಲೈನಿನಲ್ಲಿದ್ದ ಹೆಲ್ಪರ್ ಹುಡುಗಿಯರಿಗೂ ಈ ಅಳತೆ ಬಾಯಿಪಾಠ ಇತ್ತು, ಅಮ್ಮಂದಿರಿಂದ ಬಂದದ್ದು. ಇಷ್ಟು ಚೆನ್ನಾಗಿ ಯೋಚಿಸಿ ಮಾಡಿದ ಸಾರ್ವಜನಿಕ ಕೆಲಸವನ್ನು ನಾನು ಇನ್ನೊಂದು ಕಂಡಿಲ್ಲ.

ಇನ್ನು ಮುಖ್ಯವಾದ ಉಪಾಯ. ಎರಡೂ ಕಡೆ ಒಂದೇ ಬಗೆಯಲ್ಲಿ ಪ್ರಶ್ನೆ ಕೇಳಿದ ಸಮೀಕ್ಷೆಯನ್ನೇ ಹಿಡಿಯಿರಿ. ಸರ್ಕಾರಗಳ ಬಡತನ ರೇಖೆಗಳು ಬೇರೆ ಬೇರೆ, ಅವನ್ನು ಅಕ್ಕಪಕ್ಕ ಇಡಲಾಗದು. ನಮ್ಮ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ (2019–21) ಮತ್ತು ಬಾಂಗ್ಲಾದ ಜನಸಂಖ್ಯೆ ಮತ್ತು ಆರೋಗ್ಯ ಸಮೀಕ್ಷೆ, ಅಂದರೆ ಡಿಎಚ್‌ಎಸ್ (2022), ಒಂದೇ ಮಾದರಿಯವು. ಐದು ವರ್ಷದೊಳಗಿನ ಮಕ್ಕಳಲ್ಲಿ ವಯಸ್ಸಿಗೆ ತಕ್ಕ ಎತ್ತರ ಬೆಳೆಯದವರು ಭಾರತದಲ್ಲಿ ಶೇ 35.5, ಬಾಂಗ್ಲಾದಲ್ಲಿ ಶೇ 24. ಕರ್ನಾಟಕದ ಅಂಕಿ ಶೇ 35.4! ಐಟಿ ರಾಜಧಾನಿ ಇಟ್ಟುಕೊಂಡ ನಮಗೆ ಇದು ನಾಚಿಕೆಯ ಮಾತು. ಆದರೆ ಅದೇ ಸಮೀಕ್ಷೆಯ ಇನ್ನೊಂದು ಪುಟ ತಿರುವಿ. 20ರಿಂದ 24 ವಯಸ್ಸಿನ ಹೆಂಗಸರಲ್ಲಿ 18 ತುಂಬುವ ಮೊದಲೇ ಮದುವೆಯಾದವರು ನಮ್ಮಲ್ಲಿ ಶೇ 23.3, ಅಲ್ಲಿ ಶೇ 50. ಒಂದೇ ಅಂಕಿ ಎತ್ತಿಕೊಂಡು ವಾದಕ್ಕೆ ಇಳಿಯುವವರನ್ನು ನಂಬಬೇಡಿ, ಅವರು ಯಾವ ಕಡೆಯವರೇ ಆಗಿರಲಿ.

ಇಡೀ ಭಾರತದ ಜತೆ ಹೋಲಿಸುವುದಕ್ಕಿಂತ ಪಶ್ಚಿಮ ಬಂಗಾಳದ ಜತೆ ಹೋಲಿಸಿದರೆ ಇನ್ನೂ ಚೆನ್ನ. ಅದೇ ಭಾಷೆ, ಅದೇ ಮೀನು-ಅನ್ನ, ಅದೇ ನದಿಗಳ ಮಣ್ಣು. ಅಲ್ಲಿ ಬಾಲ್ಯವಿವಾಹ ಶೇ 41.6, ಅಂದರೆ ಗಡಿಯಾಚೆಗೆ ಹತ್ತಿರವೇ. ಆದರೆ ಎತ್ತರ ಬೆಳೆಯದ ಮಕ್ಕಳು ಶೇ 33.8, ಬಾಂಗ್ಲಾಗಿಂತ ಬಹಳ ಹೆಚ್ಚು. ಮದುವೆಯ ಪದ್ಧತಿಗೆ ಗಡಿ ಅಷ್ಟಾಗಿ ಅಡ್ಡ ಬಂದಿಲ್ಲ. ಮಕ್ಕಳ ಬೆಳವಣಿಗೆಯಲ್ಲಿ ವ್ಯತ್ಯಾಸ ಕಾಣುತ್ತದೆ. ಇಷ್ಟು ತಿಳಿದ ಮೇಲೆ ಮುಂದಿನ ಪ್ರಶ್ನೆ ನಿಮಗೇ ಹೊಳೆಯುತ್ತದೆ: ಮಕ್ಕಳ ವಿಷಯದಲ್ಲಿ ಗಡಿಯಾಚೆ ಬೇರೆ ಏನು ಮಾಡಿದರು?

ಅಂಕಿಯ ಹಿಂದಿನ ವಸ್ತುವನ್ನೂ ನೋಡಬೇಕು. ಕೆರೆ-ಹೊಂಡದ ನೀರಿನಿಂದ ಭೇದಿ ಬರುತ್ತದೆಂದು ಬಾಂಗ್ಲಾದಲ್ಲಿ ಊರೂರಿಗೆ ಕೊಳವೆಬಾವಿ ಹಾಕಿದರು. 1990ರ ದಶಕದಲ್ಲಿ ಅವುಗಳಲ್ಲಿ ಆರ್ಸೆನಿಕ್ ಇರುವುದು ಬಯಲಾಯಿತು. ಪರೀಕ್ಷೆ ಮಾಡಿ, ವಿಷ ಹೆಚ್ಚಿದ್ದ ಪಂಪಿನ ಮೂತಿಗೆ ಕೆಂಪು ಬಣ್ಣ, ಉಳಿದವಕ್ಕೆ ಹಸಿರು ಬಳಿದರು. ಅಂಥ ಪಂಪುಗಳಲ್ಲಿ ಬಣ್ಣ ಹೋಗಿ ತುಕ್ಕು ಮಾತ್ರ ಉಳಿದದ್ದನ್ನೂ ನಾನು ಕಂಡಿದ್ದೇನೆ. ಸಮೀಕ್ಷೆಗಳ "ಸುಧಾರಿತ ನೀರಿನ ಮೂಲ" ಎಂಬ ಕಾಲಮಿನಲ್ಲಿ ಕೆಂಪು, ಹಸಿರು ಎರಡೂ ಒಂದೇ. ಪಾವಗಡದ ಫ್ಲೋರೈಡ್ ನೀರು ಕುಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಸಂಬಳವನ್ನು ರೂಪಾಯಿಗೆ ಪರಿವರ್ತಿಸಿ ನೋಡಬೇಡಿ. 2023ರ ಡಿಸೆಂಬರ್‌ನಿಂದ ಅಲ್ಲಿ ಗಾರ್ಮೆಂಟ್ಸ್‌ನ ಕನಿಷ್ಠ ವೇತನ ತಿಂಗಳಿಗೆ 12,500 ಟಾಕಾ. ಆ ಹಣದಲ್ಲಿ ಬಾಡಿಗೆಗೆ ಎಷ್ಟು ಹೋಗುತ್ತದೆ, ಅಕ್ಕಿ-ಎಣ್ಣೆಗೆ ಎಷ್ಟು, ಓಟಿ ಇಲ್ಲದೆ ತಿಂಗಳು ಸಾಗುತ್ತದಾ ಎಂದು ಕೇಳಿ. ಕಾಯಿಲೆ ಬಂದರೆ ಯಾರು ಕೊಡುತ್ತಾರೆ ಎಂಬುದನ್ನಂತೂ ಕೇಳಲೇಬೇಕು. ನಮ್ಮ ಪೀಣ್ಯ, ಬೊಮ್ಮನಹಳ್ಳಿಯ ಟೈಲರ್‌ಗೆ ಸಂಬಳದಲ್ಲಿ ಹಿಡಿದುಕೊಂಡರೂ ಇಎಸ್‌ಐ, ಪಿಎಫ್ ಇದೆ. 2016ರ ಏಪ್ರಿಲ್‌ನಲ್ಲಿ ಪಿಎಫ್ ನಿಯಮ ಬದಲಿಸಲು ಹೊರಟಾಗ ಸಾವಿರಾರು ಹೆಂಗಸರು ರಸ್ತೆಗಿಳಿದು ಅದನ್ನು ನಿಲ್ಲಿಸಿದರು. ಗಾಜೀಪುರದಲ್ಲಿ ನನ್ನ ಲೈನಿನವರು ಔಷಧಿಗೆ ಕೈಯಿಂದಲೇ ಕೊಡುತ್ತಿದ್ದರು. ಆರೋಗ್ಯದ ಒಟ್ಟು ಖರ್ಚಿನಲ್ಲಿ ಜನ ಜೇಬಿನಿಂದ ಕೊಡುವುದು ಬಾಂಗ್ಲಾದಲ್ಲಿ ಸುಮಾರು ಮೂರನೇ ಎರಡು ಭಾಗ, ಭಾರತದಲ್ಲಿ ಸುಮಾರು ಶೇ 40.

ಮನೆ ನೋಡುವಾಗ ಗೋಡೆ-ಸೂರಿಗಿಂತ ಒಲೆ ಎಣಿಸಿ. ಅಲ್ಲಿ ತಗಡಿನ ಮನೆಗಳ ಸಾಲಿನಲ್ಲಿ ಹಲವು ಸಂಸಾರಗಳಿಗೆ ಒಂದೇ ಅಡುಗೆ ಜಾಗ. ಬೆಳಿಗ್ಗೆ ಶಿಫ್ಟಿಗೆ ಮೊದಲು ಸರದಿ ಹಿಡಿಯಬೇಕು. ನಮ್ಮ ವಠಾರದಲ್ಲಿ ಶೌಚಾಲಯ ಹಂಚಿಕೊಂಡರೂ ಒಲೆ ಸಾಮಾನ್ಯವಾಗಿ ಅವರವರದೇ.

ಕೊನೆಗೆ, ಪ್ರತಿ ಅಂಕಿಯ ಮುಂದೆ ವರ್ಷ ಬರೆದುಕೊಳ್ಳಿ. ನಮ್ಮ ಕಳೆದ ಜನಗಣತಿ 2011ರದು, ಅವರದು 2022ರದು. 2011ರಲ್ಲಿ ನಮ್ಮ ಅರ್ಧಕ್ಕೂ ಹೆಚ್ಚು ಮನೆಗಳಲ್ಲಿ ಶೌಚಾಲಯ ಇರಲಿಲ್ಲ. ಸ್ವಚ್ಛ ಭಾರತ ಶುರುವಾದದ್ದು 2014ರಲ್ಲಿ. ಆ ಹಳೆಯ ಅಂಕಿಯನ್ನು ಅವರ ಹೊಸ ಅಂಕಿಯ ಪಕ್ಕ ಇಟ್ಟರೆ ಇಬ್ಬರ ಲೆಕ್ಕವೂ ತಪ್ಪುತ್ತದೆ.