ಕೊತ್ತಿ ಉಚ್ಚೆ ಹೊಯ್ದ ಟ್ರೆಕ್ಕಿಂಗ್ ಬ್ಯಾಗನ್ನು ನಾನು ಉಳಿಸಿಕೊಂಡ ಬಗೆ

ಮಳೆಗಾಲ ಶುರುವಾಗಿ ಎರಡು ವಾರ ಆಗಿತ್ತು. ಅಟ್ಟದ ಮೇಲಿಂದ ಟ್ರೆಕ್ಕಿಂಗ್ ಬ್ಯಾಗು ಇಳಿಸಿದೆ, ಘಾಟು ಸೀದಾ ಮೂಗಿಗೆ ಹೊಡೆಯಿತು. ಪಕ್ಕದಲ್ಲೇ ಸುತ್ತಿಟ್ಟಿದ್ದ ಟೆಂಟಿಗೂ ಅದೇ ನಾತ. ಯಾರ ಕೆಲಸ ಅಂತ ಕೇಳಬೇಕಾಗಿಯೇ ಇರಲಿಲ್ಲ. ನಮ್ಮ ಮನೆ ಮೈಸೂರಿನ ಕುವೆಂಪುನಗರದಲ್ಲಿ. ಕರಿಯ ನಮ್ಮ ಮನೆಯ ಗಂಡು ಕೊತ್ತಿ, ಆಗ ಒಂದೂವರೆ ವರ್ಷದವನು. ಕಾಂಪೌಂಡಿನ ಮೇಲೆ ಇನ್ನೊಂದು ಗಂಡು ಕೊತ್ತಿ ಓಡಾಡಲು ಶುರು ಮಾಡಿದಾಗಿನಿಂದ ಇವನು ಬಾಲ ಎತ್ತಿ ಸಿಕ್ಕ ಸಿಕ್ಕ ಕಡೆ ಚಿಮ್ಮಿಸುತ್ತಿದ್ದ. ಅಟ್ಟಕ್ಕೂ ಹತ್ತಿದ್ದಾನೆ ಅಂತ ನಮಗೆ ಗೊತ್ತಾಗಿರಲಿಲ್ಲ.

“ಬಿಸಾಕಪ್ಪ ಅದನ್ನ, ಬೇರೆ ತಗೊಂಡ್ರಾಯ್ತು” ಅಂದರು ಅಮ್ಮ. ನನಗೆ ಮನಸ್ಸು ಬರಲಿಲ್ಲ. ಆರು ವರ್ಷದಿಂದ ಬೆನ್ನಿಗೆ ಒಗ್ಗಿಕೊಂಡಿರುವ ಬ್ಯಾಗು. ಕುಮಾರ ಪರ್ವತ, ತಡಿಯಂಡಮೋಳ್, ಇತ್ತ ಪಾಂಡವಪುರದ ಕುಂತಿಬೆಟ್ಟ, ಎಲ್ಲಕ್ಕೂ ಜೊತೆಗೆ ಬಂದದ್ದು.

ಮೊದಲು ನಾನು ಮಾಡಿದ್ದು ಎಲ್ಲರೂ ಮಾಡುವ ಕೆಲಸ. ಬಕೆಟ್ಟಿಗೆ ಬಿಸಿನೀರು, ಎರಡು ಹಿಡಿ ಸೋಪಿನ ಪುಡಿ, ಬ್ರಷ್ ಹಾಕಿ ಉಜ್ಜಿ ತಾರಸಿ ಮೇಲೆ ಒಣಗಿಸಿದೆ. ಒಣಗಿದ ಮೇಲೆ ಮೂಸಿ ನೋಡಿದರೆ ಸೋಪಿನ ಪರಿಮಳ ಬಿಟ್ಟು ಏನೂ ಇಲ್ಲ. ಎಷ್ಟು ಖುಷಿಯಾಯಿತು ಅಂದರೆ ಅವತ್ತೇ ಕಪಾಟಿನಲ್ಲಿ ಇಟ್ಟೆ. ಮೂರನೇ ದಿನ ಜಿಟಿಜಿಟಿ ಮಳೆ ಹಿಡಿಯಿತು, ಕಪಾಟು ತೆಗೆದರೆ ಅದೇ ಘಾಟು, ಮೊದಲಿಗಿಂತ ಜಾಸ್ತಿಯೇ ಅನ್ನಿಸಿತು.

ಯಾಕೆ ಹೀಗೆ ಅಂತ ತಿಳಿದುಕೊಂಡ ಮೇಲೆಯೇ ನನ್ನ ಕೆಲಸ ಸರಿಯಾದ ದಾರಿಗೆ ಬಂದದ್ದು. ಕೊತ್ತಿ ಉಚ್ಚೆಯಲ್ಲಿ ಯೂರಿಯಾ ಇರುತ್ತದೆ. ಬ್ಯಾಕ್ಟೀರಿಯಾ ಅದನ್ನು ಒಡೆದಾಗ ಅಮೋನಿಯಾ ಬರುತ್ತದೆ, ಅದು ನೀರಿಗೆ ಹೋಗುತ್ತದೆ, ಗಾಳಿಗೂ ಹಾರುತ್ತದೆ. ಆದರೆ ಯೂರಿಕ್ ಆಮ್ಲ ಹಾಗಲ್ಲ. ಅದು ಸಣ್ಣ ಸಣ್ಣ ಹರಳಾಗಿ ಎಳೆಗಳ ನಡುವೆ ಕೂತುಬಿಡುತ್ತದೆ, ನೀರಿನಲ್ಲಿ ಕರಗುವುದು ಬಹಳ ಕಡಿಮೆ. ಒಣಗಿದಾಗ ಸುಮ್ನೆ ಇರುತ್ತದೆ, ಗಾಳಿಯಲ್ಲಿ ತೇವ ಬಂತು ಅಂದರೆ ಮತ್ತೆ ನಾತ ಏಳುತ್ತದೆ. ಬೀಜ ತೆಗೆಸದ ಗಂಡು ಕೊತ್ತಿಯದಾದರೆ ಅದರ ಜೊತೆಗೆ ಗಂಧಕ ಸೇರಿದ ಇನ್ನೊಂದು ಘಾಟೂ ಇರುತ್ತದೆ. ಫೆಲಿನೈನ್ ಅನ್ನುವ ವಸ್ತು ಒಡೆದಾಗ ಬರುವುದು ಅದು.

ಎರಡನೇ ಸಲ ವಿನೆಗರ್ ಹಾಕಿದೆ. ಒಂದು ಪಾಲು ವಿನೆಗರ್, ಒಂದು ಪಾಲು ನೀರು. ಅಮೋನಿಯಾದ ಚುರುಕು ಇಳಿಯಿತು, ಅಷ್ಟೆ. ವಿನೆಗರ್ ಹುಳಿ, ಯೂರಿಕ್ ಆಮ್ಲವೂ ಆಮ್ಲವೇ, ಹುಳಿಯಲ್ಲಿ ಅದು ಇನ್ನೂ ಕಡಿಮೆ ಕರಗುತ್ತದೆ. ಹಾಗಾಗಿ ವಿನೆಗರ್ ಒಂದರಿಂದಲೇ ಆಗುತ್ತದೆ ಅಂತ ಯಾರಾದರೂ ಹೇಳಿದರೆ ನನ್ನ ಅನುಭವದಲ್ಲಿ ಅದು ಹಸಿ ಕಲೆಗೆ ಸರಿ, ತಿಂಗಳುಗಟ್ಟಲೆ ಕೂತ ಕಲೆಗೆ ಅಲ್ಲ.

ಪಕ್ಕದ ಮನೆಯ ಆಂಟಿ ಬ್ಲೀಚಿಂಗ್ ಪೌಡರ್ ಹಾಕು ಅಂದರು. ಪ್ರೀತಿಯಿಂದಲೇ ಹೇಳಿದ್ದು, ಆದರೆ ದಯವಿಟ್ಟು ಇದನ್ನು ಯಾರೂ ಮಾಡಬೇಡಿ. ಬ್ಲೀಚಿಂಗ್ ಪೌಡರಿನ ಕ್ಲೋರಿನ್ ಉಚ್ಚೆಯ ಅಮೋನಿಯಾ ಜೊತೆ ಸೇರಿದರೆ ಕ್ಲೋರಮೈನ್ ಅನ್ನುವ ವಿಷದ ಗಾಳಿ ಬರುತ್ತದೆ. ಬಾತ್‌ರೂಮಿನಂಥ ಸಣ್ಣ ಜಾಗದಲ್ಲಿ ಅದು ಶ್ವಾಸಕೋಶಕ್ಕೆ ಅಪಾಯ. ನೈಲಾನ್ ಕೂಡ ಹಾಳಾಗುತ್ತದೆ. ಫಿನಾಯಿಲ್ಲೂ ಬೇಡ, ಕೊತ್ತಿಗಳ ಮೈಗೆ ಅದು ವಿಷ.

ಕೊನೆಗೆ ಪೆಟ್ ಶಾಪಿನಿಂದ ಎಂಜೈಮ್ ಕ್ಲೀನರ್ ತಂದೆ. ಯೂರಿಕ್ ಆಮ್ಲವನ್ನು ಒಡೆಯುವ ಎಂಜೈಮ್ ಅದರಲ್ಲಿ ಇದೆಯಾ ಅಂತ ಲೇಬಲ್ ಓದಿ ತಗೊಳ್ಳಿ, ಬರೀ ಸುವಾಸನೆ ಸೇರಿಸಿದ ಬಾಟಲಿಗಳೂ ಪಕ್ಕದಲ್ಲೇ ಇರುತ್ತವೆ. ಮೊದಲ ದಿನ ಇದನ್ನೂ ತಪ್ಪಾಗಿಯೇ ಬಳಸಿದೆ. ಮೇಲೆ ಮೇಲೆ ಸ್ಪ್ರೇ ಮಾಡಿ ಫ್ಯಾನಿನ ಕೆಳಗೆ ಇಟ್ಟೆ, ಅರ್ಧ ಗಂಟೆಗೆ ಒಣಗಿತು, ಏನೂ ಆಗಲಿಲ್ಲ. ಎಂಜೈಮ್ ಕೆಲಸ ಮಾಡುವುದು ಒದ್ದೆಯಾಗಿರುವಷ್ಟು ಹೊತ್ತು ಮಾತ್ರ. ಉಚ್ಚೆ ಎಷ್ಟು ಆಳಕ್ಕೆ ಇಳಿದಿದೆಯೋ ಇದೂ ಅಷ್ಟೇ ಆಳಕ್ಕೆ ಇಳಿಯಬೇಕು.

ಹಾಗಾದರೆ ಎಲ್ಲೆಲ್ಲಿ ಇಳಿದಿದೆ? ಗೆಳೆಯನ ಅಂಗಡಿಯಿಂದ ನೋಟು ಪರೀಕ್ಷೆ ಮಾಡುವ ಯುವಿ ಟಾರ್ಚ್ ತಂದೆ. ರಾತ್ರಿ ಲೈಟ್ ಆರಿಸಿ ಬೆಳಕು ಬಿಟ್ಟರೆ ಇಡೀ ಬ್ಯಾಗು ನೀಲಿಯಾಗಿ ಹೊಳೆಯಿತು. ಗಾಬರಿಯಾಯಿತು. ಆಮೇಲೆ ಗೊತ್ತಾಯಿತು, ನಾನೇ ಹಾಕಿದ್ದ ಸೋಪಿನ ಪುಡಿಯಲ್ಲಿ ಬಟ್ಟೆ ಬೆಳ್ಳಗೆ ಕಾಣಲಿ ಅಂತ ಸೇರಿಸಿರುವ ವಸ್ತು ಹಾಗೆ ಹೊಳೆಯುತ್ತದೆ. ಸೋಪು ಹೋಗುವವರೆಗೂ ಮೂರು ಬಕೆಟ್ ನೀರಿನಲ್ಲಿ ಜಾಲಿಸಿ ಮತ್ತೆ ನೋಡಿದೆ. ಈಗ ಕಲೆಗಳು ಬೇರೆಯಾಗಿ, ಮಂಕು ಹಳದಿಯಾಗಿ ಕಂಡವು. ಬ್ಯಾಗಿನ ತಳದಲ್ಲಿ ಒಂದು, ಎಡಗಡೆಯ ಸೊಂಟದ ಪಟ್ಟಿಯ ಉದ್ದಕ್ಕೂ ಒಂದು. ಚಾಕ್‌ಪೀಸಿನಲ್ಲಿ ಸುತ್ತ ಗೆರೆ ಎಳೆದೆ.

ನಿಜವಾದ ಕಷ್ಟ ಇದ್ದದ್ದು ಆ ಸೊಂಟದ ಪಟ್ಟಿಯಲ್ಲಿ. ಬಟ್ಟೆ ತೆಳು, ಒಳಗೆ ಒಂದು ಬೆರಳು ದಪ್ಪದ ಫೋಮು. ಮೇಲಿನ ಬಟ್ಟೆ ಎಷ್ಟೇ ಒಗೆದರೂ ಫೋಮು ಮುಟ್ಟದೆ ಉಳಿಯುತ್ತದೆ. ಒಂದು ಚೊಂಬು ಉಗುರುಬೆಚ್ಚಗಿನ ನೀರು ಹಾಕಿ ಎರಡು ಹೆಬ್ಬೆರಳಿಂದ ಒತ್ತಿದೆ, ಹೊಲಿಗೆಯ ಸಂದಿಯಿಂದ ತೆಳು ಟೀ ಬಣ್ಣದ ನೀರು ಹನಿಹನಿಯಾಗಿ ಬಂತು. ಎರಡು ಸಲ ಒಗೆದಾದ ಮೇಲೂ! ನೀರು ಬಣ್ಣ ಬಿಡುವುದು ನಿಲ್ಲುವವರೆಗೆ ಹೀಗೇ ಹಾಕುವುದು, ಒತ್ತುವುದು. ಹಿಂಡಿ ತಿರುಚಬೇಡಿ, ಫೋಮು ಮುರಿಯುತ್ತದೆ. ಆಮೇಲೆ ಪಟ್ಟಿಯನ್ನು ಒಂದು ದಪ್ಪ ಪ್ಲಾಸ್ಟಿಕ್ ಕವರಿನೊಳಗೆ ಇಳಿಸಿ, ಎಂಜೈಮ್ ದ್ರಾವಣ ಸುರಿದು, ಸ್ಪಂಜಿನ ಥರ ಒತ್ತಿ ಒತ್ತಿ ಕುಡಿಸಿ, ಬಾಯಿಗೆ ರಬ್ಬರ್ ಬ್ಯಾಂಡ್ ಹಾಕಿ ಪೂರ್ತಿ ಒಂದು ದಿನ ಬಿಟ್ಟೆ. ನೀರು ಸುಡುವಷ್ಟು ಬಿಸಿ ಇರಬಾರದು, ಎಂಜೈಮ್ ಸಾಯುತ್ತದೆ. ಮೊದಲೇ ವಿನೆಗರ್ ಹಾಕಿದ್ದರೆ ಅದನ್ನು ಚೆನ್ನಾಗಿ ತೊಳೆದಿರಬೇಕು. ಒಂದು ದಿನ ಆದ ಮೇಲೆ ನೆರಳಲ್ಲಿ ಒಣಗಿಸಿದೆ. ಮೈಸೂರಿನ ಆ ಮೋಡಕ್ಕೆ ಫೋಮು ಒಣಗಲು ಐದು ದಿನ ಬೇಕಾಯಿತು.

ಒಣಗಿದ ಮೇಲೆ ಮೂಸುವುದು ಪರೀಕ್ಷೆಯೇ ಅಲ್ಲ, ಮೊದಲ ಸಲ ನಾನು ಮೋಸಹೋದದ್ದು ಅಲ್ಲೇ. ಬಿಸಿನೀರು ಚಿಮುಕಿಸಿ ಹತ್ತು ನಿಮಿಷ ಬಿಟ್ಟು ಮೂಸಿ. ಹಾಗೆ ನೋಡಿದಾಗ ತಳದ ಕಲೆ ಪೂರ್ತಿ ಹೋಗಿತ್ತು, ಪಟ್ಟಿಯಲ್ಲಿ ಅರ್ಧ ಉಳಿದಿತ್ತು. ಇನ್ನೊಂದು ಸುತ್ತು ಅದೇ ಮಾಡಿದೆ. ಆಗಲೂ ಆ ಗಂಡು ಕೊತ್ತಿಯ ಘಾಟು ಸ್ವಲ್ಪ ಉಳಿಯಿತು.

ಅದಕ್ಕೆ ಹೈಡ್ರೋಜನ್ ಪೆರಾಕ್ಸೈಡ್ ಬಳಸಿದೆ. ಅಮೆರಿಕದಲ್ಲಿ ಸ್ಕಂಕ್ ಅನ್ನುವ ಪ್ರಾಣಿ ಹೆದರಿದಾಗ ಗಂಧಕದ ನಾತ ಚಿಮ್ಮಿಸುತ್ತದೆ. ಅದನ್ನು ತೆಗೆಯಲು ಪಾಲ್ ಕ್ರೆಬಾಮ್ ಅನ್ನುವ ರಸಾಯನಶಾಸ್ತ್ರಜ್ಞರು 1993ರಲ್ಲಿ ಒಂದು ಮಿಶ್ರಣ ಹೇಳಿಕೊಟ್ಟರು. ಕೊತ್ತಿಯ ಘಾಟೂ ಗಂಧಕದ್ದೇ ಆದ್ದರಿಂದ ಅದೇ ಮಿಶ್ರಣ ಇಲ್ಲೂ ಕೆಲಸ ಮಾಡಿತು. ನಾನು ಮೆಡಿಕಲ್ ಸ್ಟೋರಿನಲ್ಲಿ ತಂದ ಬಾಟಲಿ ಮೇಲೆ 6% ಅಂತ ಇತ್ತು, ಅಷ್ಟೇ ನೀರು ಬೆರೆಸಿ 3% ಮಾಡಿಕೊಂಡೆ. ಅರ್ಧ ಲೀಟರಿಗೆ ಎರಡು ದೊಡ್ಡ ಚಮಚ ಅಡುಗೆ ಸೋಡ, ಅರ್ಧ ಟೀ ಚಮಚ ಪಾತ್ರೆ ತೊಳೆಯುವ ಲಿಕ್ವಿಡ್. ಕೈಗೆ ಗ್ಲೌಸ್ ಹಾಕಿಕೊಳ್ಳಿ. ಬಣ್ಣ ಬಿಡಬಹುದು, ಕಾಣದ ಮೂಲೆಯಲ್ಲಿ ಮೊದಲು ನೋಡಿ. ಉಳಿದದ್ದನ್ನು ಬಾಟಲಿಗೆ ತುಂಬಿ ಮುಚ್ಚಳ ಹಾಕಿ ಇಡಲೇಬೇಡಿ, ಗ್ಯಾಸ್ ತುಂಬಿ ಒಡೆಯುತ್ತದೆ. ಎಂಜೈಮ್ ಜೊತೆಗೂ ಸೇರಿಸಬಾರದು, ಅದು ಮುಗಿದು ತೊಳೆದ ಮೇಲೆ ಇದು. ಹದಿನೈದು ನಿಮಿಷ ಬಿಟ್ಟು ತೊಳೆದೆ. ಪಟ್ಟಿಯ ಕಪ್ಪು ಬಣ್ಣ ಒಂದು ಕಡೆ ಸ್ವಲ್ಪ ಮಾಸಿತು, ನನಗೆ ಅದೇನೂ ದೊಡ್ಡದಲ್ಲ.

ಟೆಂಟಿಗೆ ಪೆರಾಕ್ಸೈಡ್ ಹಾಕುವ ಧೈರ್ಯ ಮಾಡಲಿಲ್ಲ, ಒಳಗಿನ ವಾಟರ್‌ಪ್ರೂಫ್ ಲೇಪನದ ಭಯ. ಟಬ್ಬಿನಲ್ಲಿ ಎಂಜೈಮ್ ನೀರು ಮಾಡಿ ಮೂಲೆಗಳನ್ನಷ್ಟೇ ಮುಳುಗಿಸಿಟ್ಟೆ. ವಾಷಿಂಗ್ ಮೆಷಿನ್, ಬ್ರಷ್ಷು, ಬಟ್ಟೆ ಮೆತ್ತಗಾಗಲು ಹಾಕುವ ಕಂಡೀಷನರ್ ಯಾವುದೂ ಬೇಡ. ಒಂದು ವಿಷಯ ಗಮನಿಸಿ, ಹಳೇ ಟೆಂಟಿನ ಪಾಲಿಯುರೆಥೇನ್ ಲೇಪನ ತೇವಕ್ಕೆ ಹಾಳಾದಾಗಲೂ ವಾಂತಿಯಂಥ ಹುಳಿ ನಾತ ಬರುತ್ತದೆ, ಮುಟ್ಟಿದರೆ ಅಂಟಂಟು. ಅದಾಗಿದ್ದರೆ ಎಷ್ಟು ತೊಳೆದರೂ ಹೋಗುವುದಿಲ್ಲ, ಪಾಪ ಕೊತ್ತಿಯನ್ನು ಬೈದು ಪ್ರಯೋಜನವಿಲ್ಲ.

ಕರಿಯನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಮೂತ್ರದ ತೊಂದರೆ ಏನಾದರೂ ಇದೆಯಾ ಅಂತ ಮೊದಲು ಪರೀಕ್ಷೆ ಮಾಡಿದರು. ಗಂಡು ಕೊತ್ತಿ ಉಚ್ಚೆ ಬರದೆ ತಿಣುಕುತ್ತಿದ್ದರೆ ಒಂದು ದಿನವೂ ಕಾಯಬಾರದು, ಜೀವಕ್ಕೇ ಅಪಾಯ. ಇವನಿಗೆ ಅದೇನೂ ಇರಲಿಲ್ಲ. ಬೀಜ ತೆಗೆಯುವ ಆಪರೇಷನ್ ಮಾಡಿಸಿದೆವು, ಒಂದೆರಡು ತಿಂಗಳಲ್ಲಿ ಚಿಮ್ಮಿಸುವುದು ನಿಂತಿತು.

ಹೋದ ವಾರ ತುಂತುರು ಮಳೆಯಲ್ಲೇ ಬ್ಯಾಗು ಹಾಕಿಕೊಂಡು ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದೆ. ನಂದಿ ಹತ್ತಿರ ಬರುವಷ್ಟರಲ್ಲಿ ಸೊಂಟದ ಪಟ್ಟಿ ಮಳೆಗೂ ಬೆವರಿಗೂ ಪೂರ್ತಿ ನೆನೆದಿತ್ತು. ಬಿಚ್ಚಿ ಮೂಗಿಗೆ ಹಿಡಿದೆ. ಒದ್ದೆ ಬಟ್ಟೆ ವಾಸನೆ, ಬೇರೇನೂ ಇಲ್ಲ. ಟೆಂಟಿನ ಒಂದು ಮೂಲೆಯ ಹೊಲಿಗೆಯಲ್ಲಿ ಮಾತ್ರ ಇನ್ನೂ ಸ್ವಲ್ಪ ಇದೆ, ಈ ಭಾನುವಾರ ಮತ್ತೆ ನೆನೆಹಾಕುತ್ತೇನೆ.