ಮೂಕಿಚಿತ್ರ ಕಾಲದ ರಂಗನಟಿಯ ಜೀವನಚರಿತ್ರೆಯನ್ನು ಬರೆಯುವ ಬಗೆ

ಗದಗ, ಹುಬ್ಬಳ್ಳಿ, ಹಾವೇರಿ ಕಡೆಯ ಹಳೆಯ ನಟಿಯೊಬ್ಬರ ಜೀವನಚರಿತ್ರೆಯನ್ನು ಬರೆಯಹೊರಟವರು ಹುಟ್ಟಿದ ವರ್ಷವನ್ನು ಹುಡುಕುವ ಮೊದಲು, ಅವರು ಯಾವ ಯಾವ ಹೆಸರುಗಳಿಂದ ಪರಿಚಿತರಾಗಿದ್ದರೆಂಬುದನ್ನು ಗೊತ್ತುಮಾಡಿಕೊಳ್ಳಬೇಕು. ಬೀಳಗಿಯ ಗೋಹರಬಾಯಿ, ಅಮೀರಬಾಯಿ ಸೋದರಿಯರು ‘ಕರ್ನಾಟಕಿ’ ಎಂದು ಹೆಸರಾದರು. ರೂಬಿ ಮೈಯರ್ಸ್ ಮೂಕಿಚಿತ್ರಗಳಲ್ಲಿ ಸುಲೋಚನಾ ಆದರು. ನಮ್ಮ ಗಂಗೂಬಾಯಿ ಹಾನಗಲ್ಲರ ಆರಂಭದ ಗ್ರಾಮಾಫೋನ್ ತಟ್ಟೆಗಳು ‘ಗಾಂಧಾರಿ’ ಎಂಬ ಹೆಸರಿನಲ್ಲಿ ಹೊರಬಂದವು. ಒಂದೇ ಹೆಸರನ್ನು ನಂಬಿ ಹೊರಟರೆ ಅರ್ಧ ಜೀವನವೇ ಕೈತಪ್ಪುತ್ತದೆ.

ಅನಂತರ ಅವರಿದ್ದ ನಾಟಕ ಕಂಪನಿಗಳ ಕ್ಯಾಂಪುಗಳನ್ನು ಊರೂರಾಗಿ ಗುರುತಿಸಬೇಕು. ಗದುಗಿನ ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿಯಂಥ ಕಂಪನಿಗಳ ಸಂಚಾರದ ದಾರಿ ತಿಳಿದರೆ ನಟಿಯ ದಾರಿಯೂ ಬಹುಮಟ್ಟಿಗೆ ತಿಳಿಯುತ್ತದೆ. ಮಲ್ಲಿಕಾರ್ಜುನ ಮನಸೂರರು ಬಾಲ್ಯದಲ್ಲಿ ವಾಮನರಾವ್ ಮಾಸ್ತರರ ಕಂಪನಿಯಲ್ಲಿದ್ದಂತೆ ಅನೇಕ ಸಂಗೀತಗಾರರು ರಂಗದ ಮೇಲೆಯೇ ಬೆಳೆದವರಾದ್ದರಿಂದ, ಅವರ ನೆನಪಿನ ಬರಹಗಳನ್ನೂ ಓದಲೇಬೇಕು.

ನಾಟಕದ ಹ್ಯಾಂಡ್‌ಬಿಲ್ ಸಿಕ್ಕರೆ ಅದು ದೊಡ್ಡ ಆಸ್ತಿ. ಅದರಲ್ಲಿ ಇಸವಿ ಇಲ್ಲದೆ ವಾರ, ತಾರೀಖು ಮಾತ್ರ ಇದ್ದರೂ ಧೈರ್ಯಗೆಡಬೇಕಾಗಿಲ್ಲ. ‘ಶನಿವಾರ, ಜನವರಿ 14’ ಎಂದಿದೆಯೆನ್ನೋಣ: 1920ರಿಂದ 1935ರ ಒಳಗೆ ಆ ವಾರ ಆ ತಾರೀಖಿಗೆ ಕೂಡಿಬಂದದ್ದು 1922, 1928 ಮತ್ತು 1933ರಲ್ಲಿ ಮಾತ್ರ. ಆ ಮೂರರಲ್ಲಿ ಯಾವುದೆಂಬುದನ್ನು ಮುದ್ರಣಾಲಯದ ಹೆಸರು, ಟಿಕೆಟ್ ದರ, ಜೊತೆಯ ನಟರ ಹೆಸರುಗಳನ್ನು ಹೋಲಿಸಿ ನಿರ್ಧರಿಸಬಹುದು. ಆ ದಿನಗಳ ಪತ್ರಿಕೆಗಳ ಜಾಹೀರಾತಿನಲ್ಲಿ ಅದೇ ಆಟ ಕಂಡರಂತೂ ಸಂಶಯವೇ ಉಳಿಯುವುದಿಲ್ಲ.

ಭಾವಚಿತ್ರಗಳ ವಿಷಯದಲ್ಲಿ ಮಾತ್ರ ಎಚ್ಚರ ಬೇಕು, ಏಕೆಂದರೆ ಸೀರೆಯುಟ್ಟು ನಿಂತವರೆಲ್ಲ ಸ್ತ್ರೀಯರಲ್ಲ. 1913ರಲ್ಲಿ ಫಾಲ್ಕೆಯವರ ಮೂಕಿಚಿತ್ರ ‘ರಾಜಾ ಹರಿಶ್ಚಂದ್ರ’ದ ತಾರಾಮತಿಯಾದವರು ಅಣ್ಣಾ ಸಾಳುಂಕೆ ಎಂಬ ಗಂಡಸು, ಆದರೆ ಅದೇ ವರ್ಷದ ‘ಮೋಹಿನಿ ಭಸ್ಮಾಸುರ’ದಲ್ಲಿ ದುರ್ಗಾಬಾಯಿ ಕಾಮತ್ ಹಾಗೂ ಅವರ ಮಗಳು ಕಮಲಾಬಾಯಿ ಅಭಿನಯಿಸಿದರು.

ಚಿತ್ರರಂಗದ ಭಾಗ ಹೆಚ್ಚು ಕಷ್ಟದ್ದು. ನಮ್ಮ ಮೂಕಿಚಿತ್ರಗಳಲ್ಲಿ ಬಹುಪಾಲು ಉಳಿದಿಲ್ಲ. ಕನ್ನಡದ ಮೊದಲ ವಾಕ್ಚಿತ್ರ ಬಿಡುಗಡೆಯಾದದ್ದೇ 1934ರಲ್ಲಾದ್ದರಿಂದ ಅದಕ್ಕೂ ಹಿಂದಿನ ಕೆಲಸವನ್ನು ಮುಂಬಯಿ, ಕೊಲ್ಲಾಪುರ, ಬೆಂಗಳೂರುಗಳ ಚಿತ್ರಸಂಸ್ಥೆಗಳಲ್ಲಿ ಹುಡುಕಬೇಕು. ಗದಗ, ಹಾವೇರಿಗಳನ್ನೂ ಒಳಗೊಂಡಿದ್ದ ಆಗಿನ ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತದಲ್ಲಿತ್ತೆಂಬುದನ್ನು ನೆನಪಿಟ್ಟು ಮರಾಠಿ ಪತ್ರಿಕೆಗಳನ್ನೂ, 1964ರಲ್ಲಿ ಸ್ಥಾಪನೆಯಾದ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವನ್ನೂ ನೋಡುವುದು ಅಗತ್ಯ. ಚಿತ್ರವೇ ಇಲ್ಲದಿದ್ದರೂ ಸ್ಥಿರಚಿತ್ರ, ಜಾಹೀರಾತುಗಳಿಂದ ಪಾತ್ರವನ್ನು ದೃಢಪಡಿಸಿಕೊಳ್ಳಬಹುದು.

ಆ ಕಾಲದ ಹಲವು ನಟಿಯರು ಕಲಾವಂತ ಮನೆತನಗಳಿಂದ, ಎಂದರೆ ಹಾಡು, ಕುಣಿತಗಳನ್ನೇ ಹೆಣ್ಣುಮಕ್ಕಳು ವಂಶದ ವೃತ್ತಿಯಾಗಿ ನಡೆಸುತ್ತಿದ್ದ ಮನೆಗಳಿಂದ ಬಂದವರು. ಅವರ ಕಲೆ ಅಲ್ಲಿಯೇ ಕುದುರಿತಾದ್ದರಿಂದ ಅದನ್ನು ಮುಚ್ಚಿಡುವುದೂ ಬೇಡ, ರೋಚಕಗೊಳಿಸುವುದೂ ಬೇಡ. ಹಾಗೆ ಮಾಡಿದರೆ ಅದು ಆ ಹೆಣ್ಣುಮಕ್ಕಳ ದುಡಿಮೆಗೆ ಮಾಡುವ ಅನ್ಯಾಯವೆಂದೇ ನನ್ನ ನಂಬಿಕೆ. ಮನೆಯವರೊಡನೆ ಮಾತಾಡುವಾಗ ಮದುವೆ, ಸಂಬಂಧಗಳ ಪ್ರಶ್ನೆಗಳಿಂದ ತೊಡಗದೆ, ಅವರು ಯಾವ ಪದ ಹಾಡುತ್ತಿದ್ದರು, ಯಾವ ಪಾರ್ಟನ್ನು ಕೊನೆಯವರೆಗೂ ನೆನೆಯುತ್ತಿದ್ದರು ಎಂದು ಕೇಳಿ. ಭಾವಚಿತ್ರಗಳನ್ನು ಮನೆಯಿಂದ ಒಯ್ಯದೆ ಅಲ್ಲಿಯೇ ಪ್ರತಿ ಮಾಡಿಕೊಳ್ಳಿ. ಹಿಂಬದಿಯಲ್ಲಿ ಸ್ಟುಡಿಯೋದ ಮುದ್ರೆಯೋ ಊರಿನ ಹೆಸರೋ ಇರುವ ಸಾಧ್ಯತೆಯಿರುವುದರಿಂದ ಎರಡೂ ಬದಿಗಳ ಪ್ರತಿ ಬೇಕು.